ಬೀಗರ ಕಾಫಿ ಕುಡಿಯಬಹುದೇ ಸಾಹೇಬರೇ?

ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕೆಲಸ ಮಾಡುವವರಿಗೆ ಬೇರೆಯವರಿಗಿಲ್ಲದ ಸಂಕಟವೊಂದಿದೆ. ಯಾರಾದರೂ ಪ್ರೀತಿಯಿಂದ ಏನಾದರೂ ಕೊಟ್ಟರೆ, ಥ್ಯಾಂಕ್ಸ್ ಹೇಳುವ ಮೊದಲು ‘ತಗೋಬಹುದಾ?’ ಅಂತ ಕೇಳಿಕೊಂಡು ಬರಬೇಕು. ನಾಸಿಕದಲ್ಲೂ, ಆಮೇಲೆ ಛತ್ರಪತಿ ಸಂಭಾಜಿನಗರದಲ್ಲೂ ನಾವು ಕೇಳುತ್ತಿದ್ದದ್ದು ಒಬ್ಬರನ್ನೇ: ನಿಪ್ಪಾಣಿ ಕಡೆಯ ನಮ್ಮ ವಿಜಿಲೆನ್ಸ್ ಸಾಹೇಬರನ್ನು. ನಾನು ಸಂಭಾಜಿನಗರಕ್ಕೆ ವರ್ಗವಾಗಿ ಬಂದ ಮರುವರ್ಷ ಅವರೂ ಇಲ್ಲಿಗೇ ಬಂದರು. ಲಂಚದ ಗಾಳಿಯೂ ಸೋಕದ ಮನುಷ್ಯ; ಆದರೆ ಕುತೂಹಲ ಜಾಸ್ತಿ. ಏನು ಕೇಳಿದರೂ ಕನ್ನಡಕ ಹಣೆಗೇರಿಸಿ, ‘ಇದು ಭಾರೀ ಇಂಟರೆಸ್ಟಿಂಗ್ ಅದರಿ’ ಅನ್ನೋರು. ನನ್ನ ಮಗಳ ಮದುವೆಯೇ ಒಂದು ದಿನ ಅವರಿಗೆ ಇಂಟರೆಸ್ಟಿಂಗ್ ಆಗುತ್ತದೆ ಅಂತ ಗೊತ್ತಿದ್ದರೆ, ಮೊದಲಿನ ಪ್ರಸಂಗಗಳಿಗೆ ನಾನು ಅಷ್ಟೊಂದು ನಗುತ್ತಿರಲಿಲ್ಲ.

ಅರಿಶಿನ ಕುಂಕುಮ

ನಾಸಿಕದಲ್ಲಿ ಸಂಕ್ರಾಂತಿ ಬಂತೆಂದರೆ ರಥಸಪ್ತಮಿಯವರೆಗೆ ಮನೆಮನೆಯಲ್ಲೂ ಹಳದಿ-ಕುಂಕು. ಬಂದ ಹೆಂಗಸರಿಗೆಲ್ಲ ಕುಂಕುಮ ಹಚ್ಚಿ, ಎಳ್ಳುಂಡೆ ಕೊಟ್ಟು, ಜೊತೆಗೆ ‘ವಾಣ’ ಅಂತ ಒಂದು ಸ್ಟೀಲ್ ಡಬ್ಬಿಯನ್ನೋ ಬಟ್ಟಲನ್ನೋ ಕೈಗಿಡುತ್ತಾರೆ. ಆ ವರ್ಷ ನಮ್ಮನ್ನು ಕರೆದವರು ನಮ್ಮ ಕಚೇರಿ ಕಟ್ಟಡಕ್ಕೆ ಬಣ್ಣ ಹೊಡೆಸುತ್ತಿದ್ದ ಕಂತ್ರಾಟುದಾರರ ಹೆಂಡತಿ. ಹೋಗದಿದ್ದರೆ ಕುಂಕುಮ ಬೇಡವೆಂದಂತೆ, ಹೋದರೆ ಡಬ್ಬಿ ತಗೊಂಡಂತೆ. ಹೆಂಗಸರೆಲ್ಲ ಸೇರಿ ಸಾಹೇಬರ ಕೋಣೆಗೆ ನುಗ್ಗಿದೆವು.

‘ಭಾರೀ ಇಂಟರೆಸ್ಟಿಂಗ್ ಅದರಿ,’ ಅಂದರು ಸಾಹೇಬರು. ‘ಕುಂಕುಮ ಹಚ್ಚಿಸಿಕೊಳ್ರಿ. ಉಂಡಿ ಅಲ್ಲೇ ತಿನ್ರಿ. ಡಬ್ಬಿ ಮಾತ್ರ ಬ್ಯಾಡ್ರಿ.’

‘ವಾಣ ವಾಪಸ್ ಕೊಟ್ರ ಆಕಿಗೆ ಅಪಶಕುನ ಆಗ್ತದರಿ ಸಾಹೇಬ್ರ!’ ಅಂದೆ ನಾನು.

‘ಹಂಗಾರ ನೀವೂ ಒಂದೊಂದು ಡಬ್ಬಿ ಒಯ್ದು ಆಕಿಗೆ ಕೊಡ್ರಿ. ಅಲ್ಲಿಗೆ ಸಮ ಆತು.’

ಸಂಜೆ ಎಲ್ಲರೂ ಡಬ್ಬಿ ಹಿಡಿದು ಹೋದೆವು. ಆಕೆಯಂತೂ ಹಿರಿಹಿರಿ ಹಿಗ್ಗಿದಳು. ಮರುದಿನ ಬೆಳಿಗ್ಗೆ ಆಕೆಯ ಗಂಡ ಬಂದು ಸಾಹೇಬರೆದುರು ಕೈಮುಗಿದು ನಿಂತು, ಮರಾಠಿಯಲ್ಲಿ ಮೆಲ್ಲಗೆ ಕೇಳಿದ: ‘ಸಾಹೇಬರೇ, ನಿಮ್ಮ ಆಫೀಸಿನವರು ನನ್ನ ಹೆಂಡತಿಗೆ ಇಷ್ಟೊಂದು ಡಬ್ಬಿ ಯಾಕೆ ಕೊಟ್ಟರು? ನನ್ನಿಂದ ಏನು ಕೆಲಸ ಆಗಬೇಕು, ನೇರವಾಗಿ ಹೇಳಿಬಿಡಿ.’

ಅತ್ತೆಯ ಉಂಗುರ

ಸಂಭಾಜಿನಗರದಲ್ಲಿ ನನ್ನ ಪಕ್ಕದ ಮೇಜಿನವರಿಗೆ ದೀಪಾವಳಿಗೆ ಅತ್ತೆ ಮನೆಯಿಂದ ಚಿನ್ನದ ಉಂಗುರ ಬಂತು. ಅವರೂ ಕೇಳಲು ಹೋದರು.

‘ಅತ್ತಿ ಅಂದ್ರ ಹತ್ತರದ ಸಂಬಂಧ. ಹಬ್ಬಕ್ಕ ಕೊಟ್ಟಾರ. ತಿಳಿಸಿ ತಗೋಬಹುದು,’ ಅಂದರು ಸಾಹೇಬರು. ‘ಆದ್ರ ಒಂದು ಮಾತು. ಅವರ ಜೋಡಿ ನಿಮ್ದೇನರೆ ವ್ಯವಹಾರ ಅದ ಏನು?’

‘ವ್ಯವಹಾರ ದೂರ ಉಳೀತರಿ, ಲಗ್ನ ಆದಾಗಿಂದ ಅವರಿಗೂ ನನಗೂ ಮಾತೇ ಇಲ್ಲ.’

ಸಾಹೇಬರ ಕನ್ನಡಕ ಸರ್ರನೆ ಹಣೆಗೇರಿತು. ‘ಮಾತೇ ಇಲ್ಲದವರು ಉಂಗುರ ಯಾಕ ಕೊಟ್ರು? ಈಗ ಸಂಶಯ ಬಂತು ನೋಡ್ರಿ!’

ಬೀಗರ ಕಾಫಿ

ಈಗ ನನ್ನ ಸರದಿ. ನಮ್ಮ ಕಚೇರಿಯ ಕ್ಯಾಂಟೀನ್ ನಡೆಸುತ್ತಿದ್ದವರು ಉಡುಪಿ ಕಡೆಯ ಒಬ್ಬ ಹೋಟೆಲು ಯಜಮಾನರು. ಅವರ ಬಿಲ್ಲು, ಊಟ-ತಿಂಡಿಯ ದೂರು ನೋಡುವ ಕ್ಯಾಂಟೀನ್ ಸಮಿತಿಯಲ್ಲಿ ನಾನೂ ಇದ್ದೆ. ಇದೇ ಊರಲ್ಲಿ ಕಾಲೇಜು ಓದಿದ ನನ್ನ ಮಗಳೂ ಅವರ ಮಗನೂ ಒಬ್ಬರನ್ನೊಬ್ಬರು ಮೆಚ್ಚಿಕೊಂಡರು. ಸಮಿತಿಯಲ್ಲಿರುವವಳು ಕಂತ್ರಾಟುದಾರರಿಗೆ ಬೀಗಿತ್ತಿ ಆಗಬಹುದೇ? ಸಾಹೇಬರನ್ನು ಕೇಳಿದೆ. ‘ಇದು ಭಾರೀ—’ ಅನ್ನುವಷ್ಟರಲ್ಲಿ, ‘ಗೊತ್ತಾತ್ರಿ, ಮುಂದ ಹೇಳ್ರಿ’ ಅಂದೆ.

‘ಮ್ಯಾಲಿನ ಆಫೀಸಿಗೆ ಬರದು ಕೇಳ್ತೀನಿ. ಉತ್ತರ ಬರೂತನಕ ಅವರ ಮನ್ಯಾಗ ಏನೂ ಮುಟ್ಟಬ್ಯಾಡ್ರಿ.’

ಉತ್ತರಕ್ಕೆ ಮೊದಲೇ ಮಾತುಕತೆಯ ದಿನ ಬಂತು. ಹುಡುಗನ ಮನೆಗೆ ಹೋದೆವು. ಯಜಮಾನರೇ ಬಿಸಿಬಿಸಿ ಗೋಳಿಬಜೆ, ಕಾಫಿ ತಂದಿಟ್ಟರು. ನಾನು ಕೈಕಟ್ಟಿ ಕೂತೆ. ನಮ್ಮವರು ಬಜೆ ನೋಡಿದರು, ನನ್ನ ಮುಖ ನೋಡಿದರು, ನಿಟ್ಟುಸಿರು ಬಿಟ್ಟರು.

‘ಎಂತ ಮಾರಾಯ್ರೆ ಇದು? ಊರಿಗೇ ಊಟ ಹಾಕುವವ ನಾನು. ಹೆಣ್ಣು ಕೊಡುವವರಿಗೆ ನನ್ನ ಮನೆಯ ಕಾಫಿ ಆಗುವುದಿಲ್ವಾ?’ ಅಂದ ಯಜಮಾನರ ಕಣ್ಣಲ್ಲಿ ನೀರೇ ಬಂತು. ನಾನು ನಿಯಮದ ಮಾತು ತೆಗೆದರೆ ಯಾರಿಗೂ ಅದು ಕೇಳಿಸಲೇ ಇಲ್ಲ. ಮನೆಗೆ ಬಂದ ಮಗಳು ‘ಅವ್ವಾ, ಲಗ್ನ ನಂದೋ, ನಿನ್ನ ಆಫೀಸಿಂದೋ?’ ಅಂತ ಧಡಾರನೆ ಬಾಗಿಲು ಹಾಕಿಕೊಂಡಳು. ಕೈಯಾರೆ ಮಗಳ ಬಾಳು ಕೆಡಿಸಿದೆನಲ್ಲ ಅನ್ನಿಸಿತು.

ಮರುದಿನ ಯಜಮಾನರಿಗೆ ಫೋನ್ ಮಾಡಿ ಎಲ್ಲ ಬಿಡಿಸಿ ಹೇಳಿದೆ. ‘ಇಷ್ಟೇಯಾ? ಹಾಗಾದರೆ ಕ್ಯಾಂಟೀನೇ ಬಿಡ್ತೇನೆ, ನನಗೆ ಸೊಸೆ ಬೇಕು’ ಅಂದುಬಿಟ್ಟರು. ಸುದ್ದಿ ಹಬ್ಬಿ ಕಚೇರಿಯಲ್ಲಿ ಹಾಹಾಕಾರ! ಉಂಗುರದ ಮಹಾಶಯರು ಕುರ್ಚಿ ಎಳೆದುಕೊಂಡು ಕೂತು ನನಗೆ ಬುದ್ಧಿ ಹೇಳಿದರು: ‘ಮೇಡಮ್, ಹುಡುಗರೇನ್ರಿ, ಬೇಕಾದಷ್ಟು ಸಿಗ್ತಾರ. ಇಂಥಾ ಸಾಂಬಾರ್ ಎಲ್ಲಿ ಸಿಗಬೇಕು?’

ಕೊನೆಗೆ ಮೇಲಿನ ಕಚೇರಿಯ ಉತ್ತರ ಬಂತು. ಮದುವೆ ಆಗಬಹುದು, ಕ್ಯಾಂಟೀನೂ ನಡೆಯಬಹುದು, ನಾನು ಸಮಿತಿ ಬಿಟ್ಟರೆ ಸಾಕು. ಆದರೆ ಬದಲಿಯವರಿಲ್ಲದೆ ಸಮಿತಿ ಬಿಡುವ ಹಾಗಿಲ್ಲ; ನನ್ನ ಜಾಗಕ್ಕೋ ಯಾರೂ ಬರಲೊಲ್ಲರು. ಇಡ್ಲಿ ಸಣ್ಣದಾಯಿತು, ಚಟ್ನಿ ನೀರಾಯಿತು ಅಂತ ದಿನಾ ಬೈಸಿಕೊಳ್ಳುವುದು ಯಾರಿಗೆ ಬೇಕು? ಆಗ ಸಾಹೇಬರೇ, ‘ಹುಡುಗಿ ಲಗ್ನ ನಿಲ್ಲಬಾರದು. ನಾನ ಕೂಡ್ತೀನಿ’ ಅಂದರು. ಅವರ ಕಾಲಿಗೆ ಬೀಳಬೇಕು ಅನ್ನಿಸಿತು ನನಗೆ.

ಮದುವೆಯಾಯಿತು. ಗಂಡಿನ ಕಡೆಯ ಔತಣಕ್ಕೆ ಸಾಹೇಬರೂ ಬಂದರು. ವಧೂವರರನ್ನು ಹರಸಿ ಪಂಕ್ತಿಯ ತುದಿಯಲ್ಲಿ ಕೂತರು. ಎಲೆ ಹಾಕಲು ಹೋದರೆ ಕೈ ಅಡ್ಡ ಹಿಡಿದರು. ‘ಈಗ ಸಮಿತಿಯಾಗ ಇರಾಂವ ನಾನರಿ. ಕಂತ್ರಾಟುದಾರರ ಊಟ ನಾ ಉಣ್ಣಂಗಿಲ್ಲ.’ ಹೆಂಡತಿ-ಮಕ್ಕಳನ್ನು ಊರಲ್ಲೇ ಬಿಟ್ಟು ಬಂದ ಒಂಟಿ ಮನುಷ್ಯ, ತಾವೇ ಬೇಯಿಸಿಕೊಂಡ ಚಪಾತಿ, ಹೆಸರುಕಾಳಿನ ಪಲ್ಯವನ್ನು ಚೀಲದಿಂದ ತೆಗೆದಿಟ್ಟುಕೊಂಡರು.

ಸೌಟು ಹಿಡಿದು ಬರುತ್ತಿದ್ದ ಯಜಮಾನರು ಅದನ್ನು ನೋಡಿ ನಿಂತರು. ಮತ್ತೆ ಮುನಿಸಿಕೊಂಡರೆ? ಇನ್ನು ನನ್ನ ಮಗಳು ಬಾಳುವೆ ಮಾಡಬೇಕಾದ್ದು ಆ ಮನೆಯಲ್ಲಿ!

ಯಜಮಾನರು ಸೌಟು ಪಕ್ಕಕ್ಕಿಟ್ಟು, ಪಂಚೆ ಸರಿಮಾಡಿಕೊಂಡು ಸಾಹೇಬರ ಪಕ್ಕ ಕೂತೇಬಿಟ್ಟರು. ‘ನೀವು ನನ್ನದು ಉಣ್ಣಬಾರದು, ಸರಿ. ನಾನು ನಿಮ್ಮದು ಉಣ್ಣಬಾರದು ಅಂತ ರೂಲ್ ಉಂಟಾ?’

ಸಾಹೇಬರು ಕನ್ನಡಕ ಹಣೆಗೇರಿಸಿ, ‘ಇಲ್ಲರಿ’ ಅಂದರು.

ಯಜಮಾನರು ಚಪಾತಿ ಮುರಿದು, ಪಲ್ಯ ಹಚ್ಚಿ ಬಾಯಿಗಿಟ್ಟರು. ಇಡೀ ಪಂಕ್ತಿ ಊಟ ಬಿಟ್ಟು ಅವರ ಬಾಯಿಯನ್ನೇ ನೋಡುತ್ತಿತ್ತು. ಅಗಿದರು, ಅಗಿದರು, ಕಷ್ಟಪಟ್ಟು ನುಂಗಿದರು. ಆಮೇಲೆ ಸಾಹೇಬರ ಬೆನ್ನು ತಟ್ಟಿ, ನನ್ನ ಕಡೆ ತಿರುಗಿ, ಮುಖವರಳಿಸಿ ಅಂದರು:

‘ಬೀಗಿತ್ತಿಯಮ್ಮ, ದಿನಾ ಇದನ್ನು ಉಣ್ಣುವವರು ಸಮಿತಿಯಲ್ಲಿದ್ದರೆ, ನನ್ನ ಅಡುಗೆಯ ಮೇಲೆ ಇನ್ನು ದೂರೇ ಬರುವುದಿಲ್ಲ ಮಾರಾಯ್ರೆ!’