ಗುಂಡೋಬನ ಯುದ್ಧನೀತಿ ಮತ್ತು ನಮ್ಮ ಬೀಗತಿ

ಈಗೀಗ ಜನ ಮೊಬೈಲಿನಲ್ಲಿ ಏನೇನನ್ನೋ ಒಪ್ಪಿಕೊಳ್ಳುತ್ತಾರೆ. ತೂಕ ಹೆಚ್ಚಿದ್ದು, ತಲೆಗೆ ಬಣ್ಣ ಹಚ್ಚಿದ್ದು, ಗಂಡನ ಅಂಗಿಗೆ ಆರು ತಿಂಗಳಿಂದ ಗುಂಡಿ ಹಚ್ಚದೆ ಬಿಟ್ಟದ್ದು. ಕೊನೆಯದು ನನ್ನದೇ, ದರ್ಜಿಯ ಮನೆಯಲ್ಲಿ ಗುಂಡಿ ಇರುವುದಿಲ್ಲ ಅನ್ನುವುದು ನಮ್ಮವರಿಗೆ ನಾನು ಹೊಲಿಗೆ ಶುರು ಮಾಡಿದ ಮೂರನೇ ವಾರಕ್ಕೇ ಗೊತ್ತಾಗಿತ್ತು. ಆದರೆ ನಲವತ್ತೊಂಬತ್ತು ದಾಟಿದ ಹೆಂಗಸೊಬ್ಬಳು, ಬಸವಕಲ್ಯಾಣದಲ್ಲಿ ಇಪ್ಪತ್ತು ವರ್ಷದಿಂದ ಬ್ಲೌಸು ಹೊಲಿಯುವವಳು, ಮೊಬೈಲಿನಲ್ಲಿ ಒಂದು ರಾಕ್ಷಸ ಸಾಕಿದ್ದಾಳೆ, ಅದರ ಕೊರಳಿಗೆ ತಾಯಿತ ಕಟ್ಟಿದ್ದಾಳೆ, ಅದು ಸೋತರೆ ಅವತ್ತು ಹೊಲಿದ ಬ್ಲೌಸಿನ ತೋಳು ಒಂದು ಗಿಡ್ಡ ಒಂದು ಉದ್ದ ಆಗುತ್ತದೆ ಅಂತ ಯಾರೂ ಒಪ್ಪಿಕೊಂಡದ್ದನ್ನು ನಾನು ಕೇಳಿಲ್ಲ. ಹಾಗಾಗಿ ಮೊದಲನೆಯವಳು ನಾನೇ ಆಗಿಬಿಡುತ್ತೇನೆ. ತೋಳಿನ ವಿಷಯ ಓದಿ ನಿಮ್ಮ ಬ್ಲೌಸು ನೆನಪಾದವರು ದಯವಿಟ್ಟು ಅಂಗಡಿಗೆ ಬನ್ನಿ, ಸರಿ ಮಾಡಿಕೊಡುತ್ತೇನೆ. ಇಲ್ಲಿ ಕೆಳಗೆ ಬರೆಯಬೇಡಿ.

ಈ ಆಟವನ್ನು ನನ್ನ ಫೋನಿಗೆ ಹಾಕಿದವಳು ಮಗಳು ಸುವರ್ಣಾ. ಹೋದ ವರ್ಷ ಅವಳನ್ನು ಹುಮನಾಬಾದಿಗೆ ಕೊಟ್ಟೆವು. ಬಸ್ಸು ಹತ್ತಿದರೆ ಒಂದು ನಿದ್ದೆ ಮುಗಿಯುವುದರೊಳಗೆ ಬರುವ ಊರು. ಆದರೂ ನಾನು ದಿನಕ್ಕೆ ಐದು ಸಲ ಫೋನ್ ಮಾಡುತ್ತಿದ್ದೆ. ಎದ್ದಿಯೇನು, ಚಾ ಆಯಿತೇನು, ಊಟ ಆಯಿತೇನು, ಇನ್ನೂ ಊಟ ಆಗಿಲ್ಲವೇನು, ಯಾಕೆ ಆಗಿಲ್ಲ. ಒಂದು ದಿನ ಮನೆಗೆ ಬಂದವಳು ನನ್ನ ಫೋನು ಕಸಿದುಕೊಂಡಳು. "ಅವ್ವಾ, ನಿನ್ನ ಕೈ ಸುಮ್ಮ ಇರಂಗಿಲ್ಲ. ನನಗ ಫೋನ್ ಹಚ್ಚಬೇಕಂತ ಅನಿಸಿದಾಗೆಲ್ಲ ಇದರಾಗ ಒಂದ್ ಲಡಾಯಿ ಆಡು" ಅಂದಳು. ಅಡುಗೆಮನೆಯಲ್ಲಿ ಬೆನ್ನ ಹಿಂದೆ ನಿಂತು ಸಾರಿನ ಬಣ್ಣ ನೋಡುವ ತನ್ನ ಅತ್ತೆಯ ಫೋನಿಗೂ ಅದೇ ಆಟವನ್ನು ಅದೇ ಉದ್ದೇಶಕ್ಕೆ ಹಾಕಿಕೊಟ್ಟಿದ್ದಳು ಅನ್ನುವುದು ನನಗೆ ಆಮೇಲೆ ಗೊತ್ತಾಯಿತು. ಹುಡುಗಿ ಜಾಣೆ. ಯಾರ ಮೇಲೆ ಹೋಗಿದ್ದಾಳೋ.

ಆಟ ಬಹಳ ಸರಳ. ನಿಮಗೊಂದು ಮೊಟ್ಟೆ ಕೊಡುತ್ತಾರೆ, ಅದರಿಂದ ನಿಮ್ಮ ಪ್ರಾಣಿ ಹೊರಬರುತ್ತದೆ. ಎದುರಾಳಿಯ ಪ್ರಾಣಿಯ ಜೊತೆ ಸರದಿಯ ಮೇಲೆ ಕಾಳಗ. ನೀವೊಂದು ಆಜ್ಞೆ ಕೊಡಬೇಕು, ಆಮೇಲೆ ಅವರೊಂದು ಆಜ್ಞೆ. ಆಜ್ಞೆ ಕೊಡಲು ಒಂದು ನಿಮಿಷ. ಮೀರಿದರೆ ಆ ಸರದಿ ಹೋಯಿತು. ಬೇರೆಯವರ ಮೊಟ್ಟೆಯಿಂದ ಬೆಂಕಿ ಉಗುಳುವ ಹುಲಿ ಬರುತ್ತಿತ್ತು, ಸಿಡಿಲಿನ ಗರುಡ ಬರುತ್ತಿತ್ತು. ನನ್ನ ಮೊಟ್ಟೆಯಿಂದ ಒಂದು ರುಬ್ಬುಗುಂಡು ಬಂತು. ಕಪ್ಪಗೆ, ದುಂಡಗೆ, ಎರಡು ಕಣ್ಣು, ನೆತ್ತಿಯ ಮೇಲೆ ಒಂದು ಹಿಡಿ ಪಾಚಿ. ಅದಕ್ಕೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರಿತ್ತು. ನಾನು ಗುಂಡೋಬಾ ಅಂತ ಕರೆದೆ. ನನ್ನ ಅಂಗಡಿಯಲ್ಲಿ ಸೀರೆಗಳಿಗೆ ಪಿಕೋ-ಫಾಲ್ ಮಾಡುವ ರೆಹಾನಾ ಇಣುಕಿ ನೋಡಿ, "ಅಕ್ಕಾ, ಇದೇನ್ ಲಡಾಯಿ ಮಾಡ್ತದ? ಇದನ್ನ ನೋಡಿದ್ರ ಚಟ್ನಿ ಅರೀಬೇಕಂತ ಅನಸ್ತದ" ಅಂದಳು.

ಮೊದಲ ಒಂದು ತಿಂಗಳು ಬರೀ ಸೋತೆ. ಗುಂಡೋಬನಿಗೆ ಬರುವುದು ನಾಲ್ಕೇ ವಿದ್ಯೆ. ಗುದ್ದುವುದು, ಅದು ಅರಳೆಯಿಂದ ಹೊಡೆದ ಹಾಗೆ. ಪಾಚಿ ಎರಚುವುದು, ಎದುರಾಳಿಗೆ ಅಂಟಿಕೊಂಡು ಸರದಿಗೊಮ್ಮೆ ಅದರ ಜೀವ ಚೂರು ಚೂರೇ ಹೀರುತ್ತದೆ. ಮೈ ಬಿಗಿ ಹಿಡಿಯುವುದು. ಇನ್ನೊಂದು, ಎರಡು ಸರದಿ ನಿದ್ದೆ ಹೊಡೆದು ಪೂರ್ತಿ ಜೀವ ತುಂಬಿಕೊಂಡು ಏಳುವುದು. ಅದು ಮಲಗಿದರೆ ಎರಚಿದ ಪಾಚಿಯೂ ಮಲಗುತ್ತದೆ, ಎದ್ದು ಮುಂದಿನ ಆಜ್ಞೆ ಸಿಗುವವರೆಗೆ ಹೀರುವುದಿಲ್ಲ. ನಾನು ಸಿಟ್ಟಿನ ಹೆಂಗಸು, ಬರೀ ಗುದ್ದಿಸುತ್ತಿದ್ದೆ. ಹುಲಿಗಳು ನಗುತ್ತಾ ನನ್ನನ್ನು ಸುಟ್ಟು ಹೋಗುತ್ತಿದ್ದವು. ಆಮೇಲೊಂದು ಮಧ್ಯಾಹ್ನ, ಹುಕ್ಕು ಹಚ್ಚುತ್ತಾ ಕೂತಾಗ, ಇದ್ದಕ್ಕಿದ್ದ ಹಾಗೆ ತೀರಿಹೋದ ನಮ್ಮತ್ತೆ ನೆನಪಾದರು.

ನಮ್ಮತ್ತೆ ಹುಲಸೂರಿನವರು. ಜೀವಮಾನದಲ್ಲಿ ಯಾರ ಮೇಲೂ ದನಿ ಎತ್ತಿದವರಲ್ಲ. ಮುಂಜಾನೆ ಒಂದೇ ಒಂದು ಮಾತು: "ನಿಮ್ಮ ತವರಮನಿ ಕಡೀ ರೊಟ್ಟಿ ಹಿಂಗೇ ದಪ್ಪ ಇರ್ತಾವೇನ್?" ಅಷ್ಟೇ. ಅದು ಪಾಚಿ. ನಾನು ಒಲೆಯ ಮುಂದೆ ಕೂತು ಉರಿಯುತ್ತಾ ಹತ್ತು ಮಾತು ಆಡಿದರೆ ಅವರು ಮುಖ ಬಿಗಿ ಹಿಡಿದು ತೊಗರಿಬೇಳೆಯಲ್ಲಿ ಕಲ್ಲು ಆರಿಸುತ್ತಿದ್ದರು. ನನ್ನ ಮಾತು ಇನ್ನೇನು ತಾಕುತ್ತದೆ ಅನ್ನುವಾಗ ಎದ್ದು ಹೋಗಿ ಮಲಗಿಬಿಡುತ್ತಿದ್ದರು. ಚಾ ಹೊತ್ತಿಗೆ ಅವರು ಹೂವಿನ ಹಾಗೆ ಏಳುತ್ತಿದ್ದರು, ನಾನು ಹಿಂಡಿದ ಅರಿವೆಯ ಹಾಗೆ ಬಿದ್ದಿರುತ್ತಿದ್ದೆ. ಇಪ್ಪತ್ತು ವರ್ಷ ನಾನು ಗುಂಡೋಬನ ಕೈಯಲ್ಲಿ ಸೋತವಳು. ಈಗ ಗುಂಡೋಬಾ ನನ್ನ ಕೈಯಲ್ಲಿದ್ದ.

ಅವತ್ತಿನಿಂದ ನನ್ನ ಯುದ್ಧನೀತಿ ಹೀಗೆ. ಮೊದಲ ಸರದಿಗೆ ಪಾಚಿ. ಒಮ್ಮೆ ಅಂಟಿದರೆ ಸಾಕು, ಎರಡನೇ ಸಲ ಎರಚುವುದು ದಂಡ. ಆಮೇಲೆ ಎರಡು ಸಲ ಮೈ ಬಿಗಿ. ಎದುರಿಗೆ ಬೆಂಕಿಹುಲಿ ಇದ್ದರೆ ಮಾತ್ರ ಬಿಗಿ ಮೊದಲು, ಪಾಚಿ ಆಮೇಲೆ, ಯಾಕಂದರೆ ಅದರ ಮೊದಲ ಎರಡು ಏಟು ತಡೆದುಕೊಂಡರೆ ಉಳಿದದ್ದು ಬರೀ ಹೊಗೆ. ಜೀವ ಅರ್ಧಕ್ಕಿಂತ ಕಡಿಮೆಯಾದಾಗ ನಿದ್ದೆ. ಅದಕ್ಕೂ ಮೊದಲು ಮಲಗುವುದು ಸೋಮಾರಿತನ. ತಾಯಿತದ ವಿಷಯದಲ್ಲೂ ಜನ ತಪ್ಪುತ್ತಾರೆ. ಕೆಂಪು ತಾಯಿತ ಕಟ್ಟಿದರೆ ಗುದ್ದು ದುಪ್ಪಟ್ಟು, ಹಸಿರು ಕಟ್ಟಿದರೆ ಸರದಿಗೊಮ್ಮೆ ಚೂರು ಜೀವ ವಾಪಸು. ಎಲ್ಲರೂ ಕೆಂಪಿಗೆ ಮುಗಿಬೀಳುತ್ತಾರೆ. ಅರಳೆಯನ್ನು ದುಪ್ಪಟ್ಟು ಮಾಡಿದರೂ ಅರಳೆಯೇ ತಾನೆ? ನಾನು ಹಸಿರು ಕಟ್ಟಿದೆ. ಎಲ್ಲಕ್ಕಿಂತ ದೊಡ್ಡ ನಿಯಮ: ಏನೇ ಆಗಲಿ, ಗುದ್ದಬಾರದು. ಈ ನೀತಿಯಿಂದ ನಾನು ಎಂತೆಂಥ ಹುಲಿಗಳನ್ನು ಸುಸ್ತು ಮಾಡಿ ಕೆಡವಿದೆ ಅಂದರೆ, ರೆಹಾನಾ ಗಿರಾಕಿಗಳಿಗೆ ಅಳತೆ ಕೇಳುವ ಮೊದಲು ನನ್ನ ಗೆಲುವು ಹೇಳುತ್ತಿದ್ದಳು. ಗುಂಡೋಬನಿಗೆ ಇದ್ದದ್ದು ಒಂದೇ ದೋಷ. ಸ್ವಂತ ಬುದ್ಧಿ ಇಲ್ಲ. ಎರಡು ಸರದಿ ನೀವು ಆಜ್ಞೆ ಕೊಡುವುದನ್ನು ತಪ್ಪಿಸಿದರೆ ಬಿಗಿ ಸಡಿಲಾಗುತ್ತದೆ, ಎರಚಿದ ಪಾಚಿ ಉದುರುತ್ತದೆ.

ಅಷ್ಟರಲ್ಲಿ ನಾಗರ ಪಂಚಮಿ ಬಂತು. ಮಗಳನ್ನು ಕರೆಯಲು ಹುಮನಾಬಾದಿಗೆ ನಾನೇ ಹೋದೆ. ಕನಿಷ್ಠ ಹದಿನೈದು ದಿನ ಮಗಳು ನನ್ನ ಮನೆಯಲ್ಲಿರಬೇಕು, ಜೋಕಾಲಿ ಆಡಬೇಕು, ಉಂಡಿ ತಿನ್ನಬೇಕು, ಅವಳ ಊಟ ಆಯಿತೋ ಇಲ್ಲವೋ ಅಂತ ನಾನು ಫೋನಿಲ್ಲದೆ ಕಣ್ಣಾರೆ ನೋಡಬೇಕು ಅನ್ನುವುದು ನನ್ನ ಆಸೆ. ಬೀಗತಿ ಮಹಾನಂದಾಬಾಯಿಯವರು ನೀರು ಕೊಟ್ಟು, ಚಾ ಕೊಟ್ಟು, ನಗುನಗುತ್ತಾ, "ಮೂರು ದಿನಾ ಕಳಸ್ತೀನ್ರಿ" ಅಂದರು. ಹುಡುಗನ ತಾಯಿಯ ಮುಂದೆ ವಾದ ಮಾಡುವ ಹಾಗಿಲ್ಲ. ಮನೆಯಿಂದ ಬರುವಾಗ ನಮ್ಮವರು ಬಾಗಿಲಲ್ಲಿ ನಿಂತು, "ಅವರು ಏನಂತಾರ ಅದಕ್ಕ ಹೂಂ ಅನ್ನು, ನಿನ್ನ ಬಾಯಿ ಮನ್ಯಾಗ ಬಿಟ್ಟು ಹೋಗು" ಅಂತ ಹೇಳಿ ಕಳಿಸಿದ್ದರು. ನಾನು ಹೂಂ ಅನ್ನಲು ಬಾಯಿ ತೆರೆದೆ. ಆಗ ಬೀಗತಿಯ ಮಡಿಲಿಂದ ಹುಲಿಯೊಂದು ಗರ್ಜಿಸಿತು.

ಅವರು ನಾಚಿಕೊಂಡು ಫೋನು ಸೆರಗಿನಲ್ಲಿ ಮುಚ್ಚಿದರು. ಆದರೆ ನಾನು ನೋಡಿಯಾಗಿತ್ತು. ಬೆಂಕಿಹುಲಿ, ಕೆಂಪು ತಾಯಿತ.

"ನೀವೂ ಆಡ್ತೀರೇನ್ರಿ ಅಕ್ಕಾರ?" ಅಂದರು.

"ಹಿಂಗೇ ಜರಾ ಜರಾ ಆಡ್ತೀನ್ರಿ" ಅಂದೆ. ಅಂದವಳೇ ಫೋನು ತೆಗೆದು ಗುಂಡೋಬನ ತಾಯಿತ ನೋಡಿಕೊಂಡೆ.

"ಹಂಗಾರ ಒಂದ್ ಕೈ ಆಗೇ ಹೋಗ್ಲಿ. ನೀವ್ ಗೆದ್ರ ಸುವರ್ಣಾ ಹದಿನೈದ್ ದಿನಾ ಇರ್ಲಿ. ನಾ ಗೆದ್ರ ಮೂರ."

"ನನ್ನ ಕೇಳೋರು ಯಾರಾರ ಇದ್ದೀರೇನ್?" ಅಂತ ಸುವರ್ಣಾ ಅಡುಗೆಮನೆಯಿಂದ ಬಂದಳು. "ನೀ ಸುಮ್ಮಿರು" ಅಂತ ಇಬ್ಬರೂ ಒಟ್ಟಿಗೇ ಅಂದೆವು. ಬೀಗರು ಒಂದೇ ದನಿಯಲ್ಲಿ ಮಾತಾಡಿದ್ದು ಮದುವೆಯಾದ ಮೇಲೆ ಅದೇ ಮೊದಲು.

ಮೊದಲ ಕಾಳಗ ನಡೆಯಲೇ ಇಲ್ಲ. "ನೀವು ಮೊದಲ ಹೊಡೀರಿ" ಅಂದರು ಅವರು. "ಛೇ, ಹಂಗ ಹ್ಯಾಂಗ ಆಗ್ತದ್ರಿ? ನೀವು ಹುಡುಗನ ತಾಯಿ, ನೀವ್ ಮೊದಲ" ಅಂದೆ. "ನೀವು ಮನೀಗಿ ಬಂದವ್ರು." "ನೀವು ದೊಡ್ಡವ್ರು." "ದೊಡ್ಡಾಕಿ ಎಲ್ಲೀರಿ, ನಿಮ್ಮಕಿಂತ ಎರಡ್ ವರ್ಷಾ ಸಣ್ಣಾಕಿ ಇದ್ದೀನಿ!" ಇದು ಎಲ್ಲಿಂದ ಬಂತೋ, ಆದರೆ ವಯಸ್ಸಿನ ಲೆಕ್ಕ ಶುರುವಾದರೆ ನಾನೂ ಬಿಡುವವಳಲ್ಲ. ನಮ್ಮ ಉಪಚಾರ ಮುಗಿಯುವಷ್ಟರಲ್ಲಿ ಫೋನಿನಲ್ಲಿ ಕೊಂಬು ಊದಿತು. ಸುವರ್ಣಾ ಓದಿ ಹೇಳಿದಳು: "ಇಬ್ಬರೂ ರಣಾ ಬಿಟ್ಟು ಓಡಿ ಹೋಗ್ಯಾರಂತ."

ಎರಡನೇ ಕಾಳಗಕ್ಕೆ ಅವಳೇ ತೀರ್ಪುಗಾರಳಾದಳು. "ಅತ್ತೀ, ನೀವ್ ಶುರು ಮಾಡ್ರಿ." ಹುಲಿ ಬೆಂಕಿ ಉಗುಳಿತು. ಗುಂಡೋಬಾ ಬಿಗಿ ಹಿಡಿದ. ಮತ್ತೆ ಉಗುಳಿತು, ಪಾಚಿ ಎರಚಿದ. ಹಾರಿತು, ಪರಚಿತು, ಬಾಲದಿಂದ ಬಡಿಯಿತು. ಗುಂಡೋಬಾ ನಮ್ಮತ್ತೆಯಂತೆ ಕೂತಿದ್ದ. ಹುಲಿಯ ಜೀವ ಅರ್ಧವಾಯಿತು, ಪಾವು ಅಂದರೆ ಕಾಲು ಭಾಗ ಆಯಿತು, ಕಡೆಗೆ ಉಗುರಿನ ಕರಿಯಷ್ಟು ಉಳಿಯಿತು. ಆ ಹೊತ್ತಿನಲ್ಲಿ ಅರಳೆಯ ಗುದ್ದೊಂದು ಹಾಕಿದ್ದರೂ ಹುಲಿ ಸಾಯುತ್ತಿತ್ತು. ಸುವರ್ಣಾ ನನ್ನ ಕಡೆ ನೋಡಿದಳು. ಅವಳ ಕಣ್ಣಲ್ಲಿ ಜೋಕಾಲಿ ತೂಗುತ್ತಿತ್ತು. ಆದರೆ ನೀತಿ ಅಂದರೆ ನೀತಿ. ಗುಂಡೋಬನ ಜೀವ ಅರ್ಧಕ್ಕಿಂತ ಚೂರು ಕೆಳಗಿತ್ತು. ನಾನು ನಿದ್ದೆ ಒತ್ತಿದೆ.

"ಸುವರ್ಣಾ, ತಾಟು ಹಚ್ಚು" ಅಂದರು ಬೀಗತಿ. "ಆಟಾ ಇದ್ದೇ ಇರ್ತದ. ಬೀಗರು ಹಸಕೊಂಡು ಕುಂತಾರ."

ಅವತ್ತು ಶ್ರಾವಣ ಸೋಮವಾರ. ಅವರದು ಒಪ್ಪತ್ತು, ಸಂಜೆಯವರೆಗೆ ಉಣ್ಣುವುದಿಲ್ಲ. ನನ್ನ ಮುಂದೆ ಹೋಳಿಗೆ ಬಂತು, ಅದರ ಮೇಲೆ ಧಾರಾಳವಾಗಿ ತುಪ್ಪ ಬಂತು. ಬಲಗೈ ಅದ್ದಿದೆ. ಗುಂಡೋಬನ ನಿದ್ದೆ ಮುಗಿಯಿತು, ನನ್ನ ಸರದಿ ಬಂತು. ಎಂಜಲ ಕೈಯಿಂದ ಒತ್ತಿದರೆ ಫೋನಿಗೆ ನಾಟಲಿಲ್ಲ, ಬೆರಳು ಜಾರಿತು. ಎಡಗೈ ಚಾಚಿದೆ. ಅಷ್ಟರಲ್ಲಿ ಇನ್ನೊಂದು ಹೋಳಿಗೆ ಹಿಡಿದು ಬೀಗತಿ ಬಗ್ಗಿದ್ದರು. "ಬ್ಯಾಡ್ರೀ, ಬ್ಯಾಡ್ರೀ!" ಅಂತ ಎರಡೂ ಕೈ ತಾಟಿನ ಮೇಲೆ ಅಡ್ಡ ಹಿಡಿದೆ. ನಮ್ಮ ಕಡೆ ಹೆಂಗಸರು ಹುಟ್ಟಿನಿಂದ ಕಲಿತ ಪಟ್ಟು ಅದು. ಹೋಳಿಗೆ ಕಂಡರೆ ಕೈ ತಾನೇ ಹೋಗುತ್ತದೆ. "ಹಂಗಂದ್ರ ನಮ್ಮ ಮನಿ ಹೋಳಿಗಿ ಸೇರಲಿಲ್ಲೇನ್ರಿ?" "ಅಯ್ಯ, ಹಂಗಲ್ಲರೀ..." ಒಂದು ನಿಮಿಷ ಹೋಯಿತು. ಮೂರನೇ ಹೋಳಿಗೆ. ಮತ್ತೆ ಎರಡೂ ಕೈ ತಾಟಿನ ಮೇಲೆ. ಇನ್ನೊಂದು ನಿಮಿಷ. ಗುಂಡೋಬನ ಬಿಗಿ ಸಡಿಲಾಯಿತು, ಪಾಚಿ ಉದುರಿತು. ಬೀಗತಿ ಒಂದು ಕೈಯಲ್ಲಿ ತುಪ್ಪ ಸುರಿಯುತ್ತಾ ಇನ್ನೊಂದು ಕೈಯಲ್ಲಿ ಬೆಂಕಿ ಸುರಿದರು. ನಾಲ್ಕನೇ ಹೋಳಿಗೆಗೆ ನನ್ನ ಗುಂಡೋಬಾ ಎರಡು ಹೋಳಾದ.

"ಅಯ್ಯ, ಸತ್ತೇ ಹೋತಲ್ರಿ, ಪಾಪ" ಅಂದರು ಬೀಗತಿ. "ಇನ್ನೊಂದ್ ಅರ್ಧಾ ಹಾಕ್ಲೇನ್ರಿ?"

ಮೂರೇ ದಿನದ ಮಟ್ಟಿಗೆ ಸುವರ್ಣಾ ಬಂದಳು. ಜೋಕಾಲಿ ಕಟ್ಟುವಷ್ಟರಲ್ಲಿ ಒಂದು ದಿನ ಹೋಯಿತು, ಉಂಡಿ ಕಟ್ಟುವಷ್ಟರಲ್ಲಿ ಇನ್ನೊಂದು. ಮೂರನೇ ದಿನ ಸೊಸೆಯನ್ನು ಕರೆದೊಯ್ಯಲು ಮಹಾನಂದಾಬಾಯಿಯವರೇ ಬಂದರು. ಈ ಸಲ ಒಪ್ಪತ್ತು ಇರಲಿಲ್ಲ. ನಾನು ತಯಾರಾಗಿದ್ದೆ. ಉಣಿಸಿ ಉಣಿಸಿ, ಅವರು ತಾವಾಗಿಯೇ "ಇರ್ಲಿ ಬಿಡ್ರಿ ಸುವರ್ಣಾ ಇನ್ನೆರಡ್ ದಿನ" ಅನ್ನುವಂತೆ ಮಾಡಬೇಕು ಅಂತ ನನ್ನ ಲೆಕ್ಕ. ಐದು ಹೋಳಿಗೆ ಹಾಕಿದೆ. ಅವರು ಒಮ್ಮೆಯೂ ತಾಟಿಗೆ ಕೈ ಅಡ್ಡ ಹಿಡಿಯಲಿಲ್ಲ. ತಿಂದರು, ಫ್ಯಾನಿನ ಕೆಳಗೆ ಮಂಚದ ಮೇಲೆ ಮಲಗಿದರು, ಚಾ ಹೊತ್ತಿಗೆ ಹೂವಿನ ಹಾಗೆ ಎದ್ದರು. ಚೀಲ ಹಿಡಿದು, "ಹೊರಡ್ತೀವ್ರಿ ಇನ್ನ" ಅಂದರು.

ಹೊರಟ ಬೀಗರಿಗೆ "ಇರ್ರಿ, ಎರಡ್ ದಿನಾ ಇದ್ದು ಹೋಗ್ರಿ" ಅನ್ನಬೇಕು. ಅವರು "ಇಲ್ರಿ, ಮನ್ಯಾಗ ಕೆಲಸ ಭಾಳ ಅದ" ಅನ್ನಬೇಕು. ಚೀಲ ಕಸಿದುಕೊಂಡ ಹಾಗೆ ಮಾಡಬೇಕು, ಅವರು ಬಿಡಿಸಿಕೊಂಡ ಹಾಗೆ ಮಾಡಬೇಕು, ಆಮೇಲೆ ಬಸ್ಸು. ನಾನು ನನ್ನ ಮಾತು ಅಂದೆ. ಬೀಗತಿ ಚೀಲ ಕೆಳಗಿಟ್ಟರು.

"ಆತು ಬಿಡ್ರಿ, ಇಷ್ಟ್ ಅನ್ನಾಕತ್ತೀರಿ ಅಂದ್ರ" ಅಂದರು.

ನನ್ನ ಇಷ್ಟು ವಯಸ್ಸಿನಲ್ಲಿ ಮೊದಲ "ಇರ್ರಿ"ಗೇ ಇದ್ದವರನ್ನು ನಾನು ಕಂಡಿಲ್ಲ. ಸುವರ್ಣಾ ಚಾ ಕಪ್ಪು ಹಿಡಿದುಕೊಂಡೇ ಹೋಗಿ ಮತ್ತೆ ಜೋಕಾಲಿಯ ಮೇಲೆ ಕೂತಳು.

ಇವತ್ತಿಗೆ ಹದಿನೇಳನೆಯ ದಿನ. ಅತ್ತೆ ಇಲ್ಲಿರುವಾಗ ಸೊಸೆ ಒಬ್ಬಳೇ ಹೋಗುವ ಪ್ರಶ್ನೆ ಇಲ್ಲ, ಹಾಗಾಗಿ ನಾನು ಕೇಳಿದ್ದಕ್ಕಿಂತ ಎರಡು ದಿನ ಹೆಚ್ಚೇ ಸಿಕ್ಕಿದೆ. ಲೆಕ್ಕದ ಪ್ರಕಾರ ಗೆದ್ದವಳು ನಾನು. ಸುವರ್ಣಾ ಜೋಕಾಲಿಯ ಮೇಲೆ ಕೂತು ಉಂಡಿ ತಿನ್ನುತ್ತಾಳೆ. ಅವಳ ಬೆನ್ನ ಹಿಂದೆ ನಿಲ್ಲುವವರೂ ಇಲ್ಲ, ಫೋನ್ ಮಾಡುವವರೂ ಇಲ್ಲ. ಅಳಿಯ ಮಾತ್ರ ದಿನಾ ಫೋನ್ ಮಾಡಿ, "ಅತ್ತೀ, ನಮ್ಮ ಮನಿ ಮಂದಿನ್ನ ಕಳಸ್ರಿ, ಖಾನಾವಳಿ ಸಾರು ಕುಡದು ಸಾಕಾಗ್ಯಾದ" ಅನ್ನುತ್ತಾನೆ. ಬೀಗತಿ ಮುಂಜಾನೆ ಒಂದೇ ಮಾತು ಅನ್ನುತ್ತಾರೆ: "ನಿಮ್ಮ ಕಡೀ ಪುಂಡಿಪಲ್ಯಾಕ್ಕ ಬಳ್ಳೊಳ್ಳಿ ಹಾಕಂಗಿಲ್ಲೇನ್ರಿ?" ಅದು ದಿನವಿಡೀ ನನಗೆ ಅಂಟಿಕೊಂಡಿರುತ್ತದೆ. ನಾನೇನಾದರೂ ಅಂದರೆ ಮುಖ ಬಿಗಿಯಾಗುತ್ತದೆ. ಆಮೇಲೆ ಮಲಗುತ್ತಾರೆ. ಮೊನ್ನೆ ನೋಡಿದರೆ ಅವರ ಹುಲಿಯ ಕೊರಳಲ್ಲಿ ಹಸಿರು ತಾಯಿತ. ರೆಹಾನಾ ನನ್ನ ಮುಖ ನೋಡಿ, "ಅಕ್ಕಾ, ನಿನ್ನ ಜೀವ ಪಾವಕ್ಕ ಬಂದದ. ಒಂದ್ ಗುದ್ದು ಹಾಕು, ಹೋಗಿ ಬರ್ರಿ ಅಂದ್ಬಿಡು" ಅಂದಳು.

ಅವಳು ಹೇಳುವುದು ಸರಿ. ಎರಡೇ ಮಾತಿನ ಗುದ್ದು. ದಿನಾ ಸಂಜೆ ಅವರು ಚೀಲ ಹಿಡಿದು ಬರುತ್ತಾರೆ, ನಾನು ಆ ಎರಡು ಮಾತನ್ನು ಬಾಯಿಯವರೆಗೆ ತಂದುಕೊಳ್ಳುತ್ತೇನೆ. ಇದನ್ನು ಅಂಗಡಿಯಲ್ಲಿ ಕೂತು ಬರೆಯುತ್ತಿರುವಾಗಲೇ ಬೀಗತಿ ಬಾಗಿಲಿಗೆ ಬಂದು ನಿಂತರು. ಕೈಯಲ್ಲಿ ಚೀಲ.

"ಹೊರಡ್ಲೇನ್ರಿ ಅಕ್ಕಾರ?"

ರೆಹಾನಾ ಯಂತ್ರ ನಿಲ್ಲಿಸಿ ನನ್ನ ಕಡೆ ನೋಡಿದಳು. ನನ್ನ ಸರದಿ. ನನಗೆ ಪೂರ್ತಿ ಒಂದು ನಿಮಿಷ ಇತ್ತು, ಎರಡೂ ಕೈ ಖಾಲಿ ಇದ್ದವು, ತುಪ್ಪವೂ ಹತ್ತಿರಲಿಲ್ಲ.

"ಇರ್ರಿ" ಅಂದೆ, "ಎರಡ್ ದಿನಾ ಇದ್ದು ಹೋಗ್ರಿ."