ಅತ್ತೆಯ ತಲೆ ಮೇಲಿಂದ ಒಂದು ಡಂಕ್

ಆ ಹುಡುಗ ಗೆದ್ದಿದ್ದನ್ನು ನಾನು ಒಪ್ಪುವುದೇ ಇಲ್ಲ ಎಂದು ಭಾನುವಾರ ಬೆಳಿಗ್ಗೆ ಸೋಫಾದಲ್ಲಿ ಮಲಗಿಕೊಂಡೇ ಜಗತ್ತಿಗೆ ಘೋಷಿಸಿದೆ! ಟಿವಿಯಲ್ಲಿ ಬ್ಯಾಸ್ಕೆಟ್‌ಬಾಲ್‌ನ ಸ್ಲ್ಯಾಮ್ ಡಂಕ್ ಸ್ಪರ್ಧೆ ಆಗಷ್ಟೇ ಮುಗಿದಿತ್ತು. ಎತ್ತರಕ್ಕೆ ಹಾರಿ, ಚೆಂಡನ್ನು ಬುಟ್ಟಿಯೊಳಗೆ ಕೈಯಾರೆ ತುರುಕಿ, ಕಬ್ಬಿಣದ ಬಳೆ ಹಿಡಿದು ಜೋತಾಡುವ ಸ್ಪರ್ಧೆ ಅದು. ಗೆದ್ದವನು ಯಾರು? ವರ್ಷವಿಡೀ ಬೆಂಚು ಕಾಯುವ ಒಬ್ಬ ಆಟಗಾರ! ಮಾಡಿದ್ದೇನು? ಹೆತ್ತ ತಾಯಿಯನ್ನು ಕುರ್ಚಿಯಲ್ಲಿ ಕೂರಿಸಿ, ಆಕೆಯ ತಲೆಯ ಮೇಲಿಂದ ಹಾರಿ ಚೆಂಡು ಹಾಕಿದ. ಅಷ್ಟಕ್ಕೇ ಐವರು ತೀರ್ಪುಗಾರರೂ ಹತ್ತಕ್ಕೆ ಹತ್ತು ಕೊಟ್ಟು ಎದ್ದು ಕುಣಿದರು. ಥೂ!

ನಾನೇನು ಸಾಮಾನ್ಯ ಆಸಾಮಿಯೇ? ಕಚೇರಿಯಲ್ಲಿ ಅರ್ಜಿ ಪರಿಶೀಲಿಸುವ ಗುಮಾಸ್ತ. 'ಆಧಾರ ಸಾಲದು, ತಿರಸ್ಕರಿಸಲಾಗಿದೆ' ಎಂಬ ಮುದ್ರೆಯನ್ನು ಹದಿನೇಳು ವರ್ಷ ಕುಟ್ಟಿ ಕುಟ್ಟಿ ನನ್ನ ಬಲಗೈ ಎಡಗೈಗಿಂತ ದಪ್ಪವಾಗಿದೆ. ನಮ್ಮ ಕಚೇರಿಯ ಬ್ಯಾಸ್ಕೆಟ್‌ಬಾಲ್ ಅಭಿಮಾನಿಗಳ ವಾಟ್ಸಾಪ್ ಗುಂಪಿನಲ್ಲಿ ಐದು ಜನ. ಐವರಲ್ಲಿ ಒಬ್ಬನೂ ಈ ಜನ್ಮದಲ್ಲಿ ಚೆಂಡು ಮುಟ್ಟಿದವನಲ್ಲ. ಹಾಗಾಗಿ ನಮ್ಮ ತೀರ್ಪು ಬಹಳ ನಿಷ್ಠುರ.

"ಇವನೂ ಒಬ್ಬ ಚಾಂಪಿಯನ್ನಾ? ಮೊದಲನೇ ಸಲ ತಪ್ಪಿಸಿದ್ನಲ್ಲ!" ಎಂದ ಟೈಪಿಸ್ಟ್.

"ದೊಡ್ಡ ಆಟಗಾರರು ಯಾರೂ ಬರ್ಲಿಲ್ಲ. ಹಾಳೂರಿಗೆ ಉಳಿದವನೇ ಗೌಡ!" ಎಂದ ಸ್ಟೋರ್ ಕೀಪರ್.

"ಅವನಮ್ಮ ತಲೆ ಬಗ್ಗಿಸಿದ್ರು ಕಣ್ರೀ, ನಾನೇ ನೋಡ್ದೆ!" ಎಂದ ಜೀಪಿನ ಡ್ರೈವರ್.

ನಾನು ಸುಮ್ಮನಿರಬಹುದಿತ್ತು. "ಕೂತಿರೋ ಹೆಂಗಸಿನ ಮೇಲೆ ಹಾರೋದು ಯಾವ ಮಹಾ? ನಾನೂ ಹಾರ್ತೀನಿ!" ಎಂದುಬಿಟ್ಟೆ.

ಗುಂಪಿನ ಐದನೆಯವರಾದ ಹೆಡ್ ಕ್ಲರ್ಕ್ ಆಗ ಬಾಯಿ ಹಾಕಿದರು. "ಹಾಗಾದ್ರೆ ಹಾರಿ. ಸಂಜೆ ಆರರೊಳಗೆ ವಿಡಿಯೋ ಬರ್ಲಿ. ಆಗ್ಲಿಲ್ವೋ, ನಾಳೆ ನೋಟಿಸ್ ಬೋರ್ಡಲ್ಲಿ 'ಆ ಹುಡುಗ ಗೆದ್ದಿದ್ದು ನ್ಯಾಯ, ನಂದು ಬರೀ ಬಾಯಿ' ಅಂತ ಬರೆದು ಸಹಿ ಹಾಕ್ಬೇಕು."

ಆ ಬೋರ್ಡು ಇರುವುದು ನನ್ನ ಕೌಂಟರಿನ ಪಕ್ಕದಲ್ಲಿ. ನಾನು ತಿರಸ್ಕರಿಸಿದ ಅರ್ಜಿದಾರರೆಲ್ಲ ದಿನಾ ನಿಂತು ಓದುವುದು ಅದನ್ನೇ. ಹದಿನೇಳು ವರ್ಷದ ಮಾನ!

ಹೆಂಡತಿಗೆ ಹೇಳಿದರೆ ಬಕೆಟ್ಟು ಕೆಳಗಿಟ್ಟು ನಕ್ಕಳು. "ರೀ, ಎರಡು ಮೆಟ್ಟಿಲು ಹತ್ತಿದ್ರೆ ಉಸ್ಸಪ್ಪಾ ಅಂತೀರ. ನೀವು ಹಾರ್ತೀರಾ?"

"ಹಾರೋಕೆ ಮನಸ್ಸು ಬೇಕು ಕಣೆ, ಕಾಲಲ್ಲ!"

"ಮನಸ್ಸು ಹಾರ್ಲಿ. ಹೊಟ್ಟೆ ಎಲ್ಲಿ ಇಳಿಯುತ್ತೋ ನೋಡ್ಕೊಳ್ಳಿ," ಎಂದು ಬಟ್ಟೆ ನೆನೆಸಲು ಬಚ್ಚಲಿಗೆ ಹೋದಳು.

ಅವಳು ಅತ್ತ ಹೋದದ್ದೇ ತಡ, ಒಗೆದ ಬಟ್ಟೆ ಹಾಕುವ ಅವಳ ನೀಲಿ ಪ್ಲಾಸ್ಟಿಕ್ ಬುಟ್ಟಿಯ ತಳವನ್ನು ಬ್ರೆಡ್ ಕೊಯ್ಯುವ ಚಾಕುವಿನಿಂದ ಕತ್ತರಿಸಿದೆ. ಅಡುಗೆಮನೆ ಬಾಗಿಲ ಮೇಲೆ ಮೊಳೆ ಹೊಡೆದು, ತಂತಿ ಸುತ್ತಿ ನೇತುಹಾಕಿದೆ. ಅಲ್ಲಿ ಹತ್ತು ಅಡಿ, ನಮ್ಮಲ್ಲಿ ಏಳು. ನಿಯಮದಲ್ಲಿ ಚೂರು ಸಡಿಲಿಕೆ, ಅಷ್ಟೆ.

ಇನ್ನು ತಾಯಿಯ ಪಾತ್ರ. ನನ್ನ ತಾಯಿ ಅಣ್ಣನ ಮನೆಯಲ್ಲಿದ್ದಾರೆ. ಕೈಗೆ ಸಿಕ್ಕವರು, ಮಗಳನ್ನು ನೋಡಲು ಬಂದು ಸ್ವೆಟರ್ ಹೆಣೆಯುತ್ತಿದ್ದ ಅತ್ತೆ.

"ಅತ್ತೇ, ಐದು ನಿಮಿಷ ಕೂತ್ಕೊಳ್ತೀರಾ?"

"ಕೂತೇ ಇದೀನಲ್ಲ ಅಳಿಯಂದಿರೇ."

"ಇಲ್ಲಲ್ಲ, ಅಡುಗೆಮನೆ ಬಾಗಿಲ ಮುಂದೆ. ನಿಮ್ಮ ಮೇಲಿಂದ ಹಾರ್ತೀನಿ."

ಅತ್ತೆ ಕನ್ನಡಕದ ಮೇಲಿಂದ ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದರು. "ಹೊಸಲು ದಾಟೋಕೇ ಎಡವ್ತೀರಿ. ಇರ್ಲಿ, ಹೆಣಿಗೆ ತಗೊಂಡು ಬರ್ತೀನಿ."

ಕುರ್ಚಿ ಎತ್ತರವಾಯಿತೆನಿಸಿ ಅವರನ್ನು ಗಿಡ್ಡ ಸ್ಟೂಲಿಗೆ ಇಳಿಸಿದೆ. ಹೆಂಡತಿಯನ್ನು ಕರೆದು ಕೈಗೆ ಮೊಬೈಲ್ ಕೊಟ್ಟೆ. ಹಿಂದಿನ ಬಾಗಿಲ ತನಕ ಹೋಗಿ, ಪ್ಯಾಂಟು ಮೇಲೇರಿಸಿ, ಪಕ್ಕದ ಮನೆ ಹುಡುಗನಿಂದ ಎರವಲು ತಂದ ಚೆಂಡು ಅಪ್ಪಿಕೊಂಡು ಓಡಿ ಬಂದೆ ನೋಡಿ, ಬಿರುಗಾಳಿ!

ಆಗಲೇ ಹೆಂಡತಿ ತಲೆಯೆತ್ತಿದಳು. "ಅಯ್ಯೋ, ನನ್ನ ಬುಟ್ಟಿ! ತಳ ಎಲ್ರೀ?"

ಆ ಕೂಗಿಗೆ ನಾನು ಬೆಚ್ಚಿದೆ, ಕಾಲಡಿಯ ಚಾಪೆ ಜಾರಿತು. ಚಾಪೆಯೇ ನನ್ನನ್ನು ಅತ್ತೆಯ ಪಕ್ಕದಿಂದ ಸಲೀಸಾಗಿ ಸಾಗಿಸಿಕೊಂಡು ಹೋಯಿತು. ಆಸರೆಗೆಂದು ಬುಟ್ಟಿ ಹಿಡಿದೆ. ಮೊಳೆ, ತಂತಿ, ಒಂದು ಹಿಡಿ ಗಾರೆ ಸಮೇತ ಬುಟ್ಟಿ ನನ್ನ ತಲೆಯ ಮೇಲೇ ಬಂತು. ತಳವಿಲ್ಲದ್ದರಿಂದ ತಲೆಯಲ್ಲಿ ನಿಲ್ಲದೆ ಮೊಣಕೈವರೆಗೆ ಇಳಿದು ಎರಡೂ ತೋಳನ್ನು ಬಿಗಿದು ಕೂತಿತು. ಚೆಂಡು ಗೋಡೆಯ ಹಲಗೆಗೆ ಬಡಿದು, ಹಿಟ್ಟಿನ ಡಬ್ಬಿಯನ್ನು ನನ್ನ ನೆತ್ತಿಗೆ ಸುರಿದು, ಪುಟಿದು ಅತ್ತೆಯ ಮಡಿಲಿಗೆ ಬಿತ್ತು.

ಅತ್ತೆ ಹೆಣಿಗೆಯಿಂದ ತಲೆಯೆತ್ತಲಿಲ್ಲ. "ಚೆಂಡು ಇಲ್ಲಿದೆ ಅಳಿಯಂದಿರೇ. ಹಾರೋದು ಯಾವಾಗ?"

ಹೆಂಡತಿ ನಕ್ಕೂ ನಕ್ಕೂ ಗೋಡೆಗೆ ಒರಗಿದ್ದಳು. "ಲೇ, ಕಳಿಸ್ಬೇಡ ಕಣೆ!" ಎಂದು ಬಿಳಿ ದೆವ್ವದ ಹಾಗೆ ನಿಂತಲ್ಲೇ ಒದರಿದೆ.

"ಆರರೊಳಗೆ ಕಳಿಸ್ಬೇಕು ಅಂದ್ರಲ್ಲ, ಆಗ್ಲೇ ಕಳಿಸ್ದೆ. ಹೊಸ ಬುಟ್ಟಿ ಬರೋವರೆಗೂ ಒಗೆದ ಬಟ್ಟೆ ಹೊರೋದು ನೀವೇ!"

ಗುಂಪಿನ ನಿಯತ್ತು ನೋಡಿ! ನನ್ನ ಕೈ ಬುಟ್ಟಿಯಿಂದ ಬಿಡಿಸುವ ಮೊದಲೇ ನಾಲಿಗೆಗಳು ಹೊರಳಿದ್ದವು. "ಆ ಹುಡುಗ ಮನುಷ್ಯ ಅಲ್ಲ, ದೇವರು!" ಎಂದ ಟೈಪಿಸ್ಟ್. "ಗೆದ್ದಿದ್ದು ನೂರಕ್ಕೆ ನೂರು ನ್ಯಾಯ!" ಎಂದ ಸ್ಟೋರ್ ಕೀಪರ್. "ಅವನಮ್ಮ ತಲೆ ಬಗ್ಗಿಸಿದ್ರೋ ಏನೋ, ಆದ್ರೆ ನಿಮ್ಮತ್ತೆ ಕಣ್ಣೂ ಮಿಟುಕಿಸ್ಲಿಲ್ಲ!" ಎಂದ ಡ್ರೈವರ್. ಊಸರವಳ್ಳಿಗಳು!

ಸೋಮವಾರ ಕೌಂಟರಿನ ಮುಂದೆ ಉದ್ದ ಸಾಲು. ಎಲ್ಲರ ಎದುರಿಗೆ ಬರೆಯಲು ಕೂತೆ. ಅಳಿದುಳಿದ ಮಾನವನ್ನಾದರೂ ಉಳಿಸಿಕೊಳ್ಳೋಣವೆಂದು ಸ್ವಲ್ಪ ನಯವಾಗಿ ಬರೆದೆ: 'ನಾನು ಹಾರಿ, ಕೂದಲೆಳೆಯ ಅಂತರದಲ್ಲಿ ಸೋತಿದ್ದೇನೆ. ಆ ಹುಡುಗ ಗೆದ್ದಿದ್ದು ನ್ಯಾಯ. ನಂದು ಬರೀ ಬಾಯಿ.'

ಹೆಡ್ ಕ್ಲರ್ಕ್ ಎರಡು ಸಲ ಓದಿದರು. ನನ್ನ ಮೇಜಿನಿಂದ ನನ್ನದೇ ಮುದ್ರೆ ಎತ್ತಿಕೊಂಡು ಕಾಗದದ ಮೇಲೆ ಧಡ್ ಎಂದು ಕುಟ್ಟಿ, ಸಾಲಿನ ಕೊನೆಯವರಿಗೂ ಕೇಳುವಂತೆ ಹೇಳಿದರು:

"ವಾಪಸ್ ತಗೊಳ್ಳಿ. ವಿಡಿಯೋ ಮೂರು ಸಲ ನೋಡಿದೀನಿ. 'ಹಾರಿ' ಅನ್ನೋದಕ್ಕೆ ಆಧಾರ ಸಾಲದು!"