ಕಾಣೆಯಾದ ಕಮಾಂಡು

ನಾನು ಯೂನಿವರ್ಸಿಟಿಯಲ್ಲಿ ಕಲಿತ ವಿದ್ಯೆ ಒಂದೇ: ಅನುಮಾನ. ಎಂ.ಎಸ್‌ಸಿ. ಪದವಿ ಅದರ ಜೊತೆಗೆ ಪುಕ್ಕಟೆ ಬಂತು. ಮೊದಲು ದೇವರನ್ನು ಅನುಮಾನಿಸಿದೆ, ಆಮೇಲೆ ಹವಾಮಾನ ವರದಿಯನ್ನು, ಆಮೇಲೆ ಪರಊರಿನಲ್ಲಿ ಬ್ಯಾಡಗಿ ಮೆಣಸಿನಕಾಯಿ ಎಂದು ಹೇಳಿ ಮಾರುವವರನ್ನು. ಈಗ ಸರದಿ ನನ್ನ ನೆನಪಿಗೇ ಬಂದಿದೆ. ಹಾವೇರಿಯಿಂದ ರಾಣೆಬೆನ್ನೂರಿನ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗುತ್ತೇನೆ. ಮೋಟೆಬೆನ್ನೂರು ಬಂತೆಂದರೆ ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಅನುಮಾನ. ಮನೆಯಲ್ಲಿ ಹೆಂಡತಿ ಇದ್ದಾಳೆ, ಬೀಗ ಹಾಕುವ ಪ್ರಶ್ನೆಯೇ ಇಲ್ಲ ಎಂದು ಹೊಳೆಯುವುದು ರಾಣೆಬೆನ್ನೂರಿನಲ್ಲಿ ಇಳಿದ ಮೇಲೆ. ಹೋದ ವರ್ಷ ಒಂದೇ ಒಂದು ದಿನ ಈ ಅನುಮಾನ ಬರಲಿಲ್ಲ. ಅವತ್ತು ನಿಜವಾಗಿಯೂ ಹಾಕಿಬಿಟ್ಟಿದ್ದೆ, ಅವಳನ್ನು ಒಳಗಿಟ್ಟು. ಅವಳ ಫೋನು ಬಂದ ಮೇಲೆ ಅರ್ಧ ದಾರಿಯಿಂದ ತಿರುಗಿದೆ.

ಇಂಥವನು ಮೊನ್ನೆ ಕಂಪ್ಯೂಟರ್ ಲ್ಯಾಬಿನಲ್ಲಿ ಪ್ರಾಯೋಗಿಕ ಪರೀಕ್ಷೆ ನಡೆಸುತ್ತಿದ್ದೆ. ಬ್ಯಾಡಗಿಯಿಂದ ಬಂದ ಪರೀಕ್ಷಕರು ಮೂಲೆಯಲ್ಲಿ ಚಹಾ ಕುಡಿಯುತ್ತ ಮೌನವಾಗಿ ಕುಳಿತಿದ್ದರು. ಮೊದಲ ಪ್ರಶ್ನೆ ತೀರ ಸುಲಭದ್ದು: ಈ ಯಂತ್ರದ ನೆಟ್‌ವರ್ಕ್ ವಿಳಾಸ ತೋರಿಸಿ. ಅದಕ್ಕೆ ಇಫ್‌ಕಾನ್ಫಿಗ್ ಎಂಬ ಕಮಾಂಡು. ಎಷ್ಟೋ ವರ್ಷಗಳಿಂದ ಅದನ್ನೇ ಕಲಿಸುತ್ತ ಬಂದವನು ನಾನು. ಹುಡುಗಿಯೊಬ್ಬಳು ಕೈ ಎತ್ತಿದಳು. "ಸರ್, ಅಂಥಾ ಕಮಾಂಡ ಇಲ್ಲಂತ್ರಿ." ನಾನೇ ಹೋಗಿ ಒತ್ತಿದೆ. ಇಲ್ಲ. ಪಕ್ಕದ ಯಂತ್ರದಲ್ಲಿ ಒತ್ತಿದೆ. ಅಲ್ಲೂ ಇಲ್ಲ. ನಮ್ಮ ಅಪ್ಪನಿಗೆ ಕಡೆಗಾಲದಲ್ಲಿ ಮರೆವು ಹತ್ತಿದ್ದು ಹೀಗೆಯೇ. ಗೊತ್ತಿದ್ದ ಹೆಸರುಗಳೇ ಮೊದಲು ಹೋದವು. ಮಾಸ್ತರನ ನೆನಪು ಹೋದರೆ ಉಳಿಯುವುದು ಡಸ್ಟರು ಮಾತ್ರ. ಇಂಥದೊಂದು ಕಮಾಂಡು ಜಗತ್ತಿನಲ್ಲಿ ಇತ್ತೇ, ಅಥವಾ ಇಷ್ಟು ವರ್ಷ ನಾನೇ ಕಟ್ಟಿ ಹೇಳುತ್ತಿದ್ದೆನೇ?

ಲ್ಯಾಬು ನೋಡಿಕೊಳ್ಳುವ ಶಬಾನಾ ಮೇಡಂ ನನ್ನ ಮುಖ ನೋಡಿ ಓಡಿಬಂದರು. "ಸರ್, ನಿಮ್ಮ ತಲಿ ಬರೋಬ್ಬರಿ ಐತ್ರಿ! ಹೋದ ವಾರ ಹೊಸಾ ಆಪರೇಟಿಂಗ್ ಸಿಸ್ಟಂ ಹಾಕಿದ್ವಲ್ರಿ, ಅದರಾಗ ಹಳೇ ಕಮಾಂಡ ತಗದಾರ. ಒಂದ ಸಾಲ ಬರದ್ರ ವಾಪಸ್ ಬರ್ತೈತಿ." ಬರೆದರು, ಬಂತು, ಪರೀಕ್ಷೆ ನಡೆಯಿತು. ನನಗೆ ಕುಣಿಯುವುದೊಂದು ಬಾಕಿ. ಮರೆವಿಲ್ಲ! ತಪ್ಪು ಜಗತ್ತಿನದು! ಖುಷಿ ಏರಿ ಸಿಟ್ಟಾಯಿತು. "ನಮ್ಮನ್ನ ಒಂದ ಮಾತ ಕೇಳಬಾರದಾ? ಯಾವ ಶಾಣ್ಯಾ ತಗಸ್ಯಾನ, ಹೆಸರ ಹುಡುಕ್ರಿ ಮೇಡಂ!"

ಎಲ್ಲರೂ ಸೇರಿ ಕಟ್ಟುವ ಇಂಥ ಮುಕ್ತ ತಂತ್ರಾಂಶದಲ್ಲಿ ಒಂದು ರೂಢಿಯಿದೆ. ಹಳೆಯದನ್ನು ಎಸೆಯುವ ಮುನ್ನ ಬಳಸುವವರಿಗೆಲ್ಲ ಮೇಲ್ ಹಾಕಿ, ಯಾರದಾದರೂ ತಕರಾರಿದೆಯೇ ಎಂದು ಕೇಳುತ್ತಾರೆ. ಬಂದ ಉತ್ತರಗಳೆಲ್ಲ ಊರಿಗೇ ಕಾಣುವಂತೆ ಇರುತ್ತವೆ. ಶಬಾನಾ ಮೇಡಂ ಹುಡುಕಿದರು, ಓದಿದರು, ದುಪಟ್ಟಾದ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಓದಲೇನ್ರಿ ಸರ್?"

"ಗಟ್ಟ್ಯಾಗಿ ಓದ್ರಿ. ಪರೀಕ್ಷಕರೂ ಕೇಳ್ಲಿ."

ಇಂಗ್ಲಿಷಿನಲ್ಲಿದ್ದ ಆ ಉತ್ತರವನ್ನು ಕನ್ನಡದಲ್ಲೇ ಹೇಳಿದರು: "ಹಳೆಯದಕ್ಕೆ ಜೋತುಬಿದ್ದವರ ಮಾತು ಕೇಳಬೇಡಿ, ಇವತ್ತೇ ತೆಗೆದುಹಾಕಿ. ಹೆಚ್ಚು ಬರೆಯಲು ಪುರಸೊತ್ತಿಲ್ಲ. ಹೆಂಡತಿಯನ್ನು ಒಳಗಿಟ್ಟು ಮನೆಗೆ ಬೀಗ ಹಾಕಿ ಬಂದಿದ್ದೇನೆ, ವಾಪಸು ಹೋಗುತ್ತಿದ್ದೇನೆ."

ಕೆಳಗೆ ನನ್ನ ಹೆಸರು. ಅದೇ ಹೆಸರಿನವನು ಹಾವೇರಿಯಲ್ಲಿ ಇನ್ನೊಬ್ಬನಿರಬಹುದು ಎಂದು ವಾದಿಸುವವನಿದ್ದೆ. ಆ ಬೀಗ ಬಾಯಿಗೂ ಬಿತ್ತು. ನನ್ನ ಪತ್ರದ ಕೆಳಗೆ ಯಾವುದೋ ದೇಶದವನ ಉತ್ತರ: "ತೆಗೆದಿದ್ದೇವೆ. ನಿಮ್ಮ ಹೆಂಡತಿ ಹೊರಗೆ ಬಂದರೇ?" ಅದರ ಕೆಳಗೆ ಇನ್ನೂ ನಾಲ್ಕೈದು ಜನ, ಎಲ್ಲರದೂ ಅದೇ ಪ್ರಶ್ನೆ. ಕಮಾಂಡಿನ ಗತಿ ಯಾರೂ ಕೇಳಿರಲಿಲ್ಲ.

ಪರೀಕ್ಷಕರು ಕಪ್ಪು ಕೆಳಗಿಟ್ಟು ಅವತ್ತಿನ ಮೊದಲ ಮಾತಾಡಿದರು. "ಬಂದ್ರೇನ್ರಿ ಸರ?"

ಸಂಜೆ ಮನೆಯಲ್ಲಿ ಇದನ್ನೆಲ್ಲ ನಗುನಗುತ್ತ ಹೆಂಡತಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಲೇ ಕೇಳಿದಳು. "ಕಂಡಿಲ್ಲ ಕೇಳಿಲ್ಲ, ಪರದೇಶದ ಮಂದಿ ಕೇಳ್ಯಾರ, 'ಹೊರಗ ಬಂದ್ರಾ' ಅಂತ. ನೀವು ಅವತ್ತ ಬೀಗಾ ತಗದವರ 'ಬಸ್ ತಪ್ಪತೈತಿ' ಅಂತ ಓಡಿದ್ರಿ. ಇವತ್ತಿನ ತನಕಾ ಕೇಳಿಲ್ಲ."

ಕೇಳಿದ್ದೆ ಎಂದೇ ನನ್ನ ನೆನಪು. ಆದರೆ ಹಾಗೆ ಹೇಳಲು ಧೈರ್ಯ ಸಾಲಲಿಲ್ಲ; ಅವಳೂ ಎಲ್ಲಾದರೂ ಬರೆದಿಟ್ಟಿದ್ದರೆ?